ದೊರೆಯ ಎಡಗೆನ್ನೆ

ಮೂವತ್ತು ವರ್ಷ ಜನರ ಮುಖ ನೋಡಿಕೊಂಡೇ ಬದುಕಿದ ಕ್ಷೌರಿಕನಿಗೆ ಮೀಸೆಯ ಒಂದು ತುದಿ ಕೂದಲೆಳೆಯಷ್ಟು ತಗ್ಗಿದ್ದರೂ ಕಣ್ಣಿಗೆ ಹೊಡೆಯುತ್ತಿತ್ತು. ಅಂದು ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆದಾಗ ಅವನ ಬೆಕ್ಕು ದೊರೆಯ ಎಡಗೆನ್ನೆ ನಿಂಬೆಹಣ್ಣಿನಷ್ಟು ಊದಿತ್ತು. ಆ ಬದಿಯ ಕಣ್ಣು ಅರ್ಧ ಮುಚ್ಚಿತ್ತು. ಮೀನು ಹಾಕಿದರೆ ಮೂಸಿ ಹಿಂದೆ ಸರಿಯಿತು.

"ಹಲ್ಲುನೋವಿರಬೇಕು ಕಣೋ," ಎಂದಳು ಒಳಗಿನಿಂದ ಬಂದ ಅವನ ಅಕ್ಕ. "ನನ್ನ ಜ್ವರದ ಮಾತ್ರೆ ಇದೆ. ಅರ್ಧ ಅರೆದು ಹಾಲಲ್ಲಿ ಕೊಡ್ತೀನಿ."

"ತಡಿ, ಕೇಳದೆ ಏನೂ ಕೊಡೋದು ಬೇಡ," ಎಂದು ಅವನು ಪಶುವೈದ್ಯೆಗೆ ಫೋನ್ ಮಾಡಿದ.

"ಅಯ್ಯೋ, ಆ ಮಾತ್ರೆ ಬೆಕ್ಕಿಗೆ ವಿಷ! ಒಂದು ಚೂರೂ ಕೊಡಬೇಡಿ," ಎಂದರು ಡಾಕ್ಟರಮ್ಮ. "ಊತ ಹಿಸುಕಬೇಡಿ. ಉಸಿರಾಟ ಸರಾಗವಾಗಿದೆ ತಾನೇ? ಈಗಲೇ ಕರ್ಕೊಂಡು ಬನ್ನಿ."

ಅಕ್ಕನ ಮುಖ ಬಿಳಿಚಿಕೊಂಡಿತು. "ಕೊಟ್ಟೇ ಬಿಡ್ತಿದ್ನಲ್ಲೋ..."

ಗಿರಾಕಿಗಳು ಮೂವರು ಕಾಯುತ್ತಿದ್ದರು. "ಇವತ್ತೊಂದಿನ ಗಡ್ಡ ಸಾಕ್ಕೊಳ್ಳಿ," ಎಂದವನೇ ಬಾಗಿಲೆಳೆದ. ದೊರೆ ಕಪಾಟಿನಡಿ ನುಗ್ಗಿತು. ಕೈ ತುಂಬ ಪರಚಿಸಿಕೊಂಡರೂ ಬಿಡದೆ ಟವೆಲಿನಲ್ಲಿ ಸುತ್ತಿ, ಬುಟ್ಟಿಗಿಳಿಸಿ ಹೊರಟ.

"ಬೇರೆ ಬೆಕ್ಕು ಕಚ್ಚಿರೋ ಹಾಗಿದೆ," ಎಂದರು ಡಾಕ್ಟರಮ್ಮ. "ಕೂದಲು ತೆಗೆದರೆ ಗಾಯ ಕಾಣುತ್ತೆ." ಆದರೆ ಮೆಷಿನ್ನಿನ ಗುಂಯ್ ಸದ್ದಿಗೆ ದೊರೆ ರಂಪ ಎಬ್ಬಿಸಿತು.

"ಬಾಚಣಿಗೆ, ಕತ್ತರಿ ಕೊಡಿ. ಇದು ನಂದೇ ಕಸುಬು," ಎಂದ ಕ್ಷೌರಿಕ.

ಅಕ್ಕಿಕಾಳಿನಷ್ಟು ಜಾಗಕ್ಕೂ ಅವಸರ ಮಾಡಲಿಲ್ಲ ಅವನು. ಚರ್ಮಕ್ಕೂ ಕತ್ತರಿಗೂ ನಡುವೆ ಬಾಚಣಿಗೆ ಹಿಡಿದು, ಮೃದುವಾಗಿ ಮಾತಾಡಿಸುತ್ತ, ಎಳೆ ಎಳೆಯಾಗಿ ಕತ್ತರಿಸಿದ. ಕೊನೆಗೆ ಎರಡು ಪುಟ್ಟ ತೂತುಗಳು ಕಂಡವು.

"ಇದೇ! ಹಲ್ಲಿನ ಗುರುತು. ಒಳಗೆ ಕೀವು ತುಂಬಿದೆ." ಡಾಕ್ಟರಮ್ಮ ಅರಿವಳಿಕೆ ಕೊಟ್ಟು ಕೀವು ತೆಗೆದು ತೊಳೆದರು. ಬಾಯಿ ಬಿಡಿಸಿ ಹಲ್ಲುಗಳನ್ನೂ ನೋಡಿದರು, ಅವು ಗಟ್ಟಿಯಾಗಿದ್ದವು. "ಏಳು ದಿನ, ದಿನಕ್ಕೆರಡು ಸಲ ಔಷಧಿ. ಊತ ಇಳೀತು ಅಂತ ನಡುವೆ ನಿಲ್ಲಿಸಿದ್ರೆ ಮತ್ತೆ ಮೊದಲಿಂದ."

ನಾಲ್ಕನೇ ದಿನಕ್ಕೆ ಕೆನ್ನೆಯ ಊತ ಇಳಿಯಿತು. ಔಷಧಿಯ ಬಾಟಲಿ ಕಂಡರೆ ದೊರೆ ನಾಪತ್ತೆ. "ಸಾಕು ಬಿಡೋ ಪಾಪ, ಚೆನ್ನಾಗೇ ಇದೆ," ಎಂದಳು ಅಕ್ಕ.

"ಏಳು ಅಂದ್ರೆ ಏಳೇ ಅಕ್ಕಾ. ಇದರ ಕಾಲು ಹಿಡ್ಕೋ."

ಎಂಟನೇ ದಿನ ಡಾಕ್ಟರಮ್ಮ ಎರಡೂ ಕೆನ್ನೆ ಮುಟ್ಟಿ ನೋಡಿ, "ಪೂರ್ತಿ ವಾಸಿ," ಎಂದರು. ಇಷ್ಟು ದಿನ ತಾನೆಷ್ಟು ಹೆದರಿದ್ದೆನೆಂದು ಅವನಿಗೆ ಆಗಲೇ ತಿಳಿದದ್ದು. ದೊರೆಯನ್ನು ಬುಟ್ಟಿಗಿಳಿಸಿ, ಅಂಗಡಿ ತೆರೆಯಲು ಹೊರಟ.