ಹಳದಿ ದೋಟಿ

ಅಕ್ಕ ವ್ಯಾನಿನ ಹಿಂಬಾಗಿಲು ತೆರೆದಳು. ಫೈಬರಿನ ಹಳದಿ ದೋಟಿ ಒಳಗೇ ಮಲಗಿತ್ತು.

ಹಾಗಾದರೆ ತಮ್ಮ ಹೊತ್ತುಕೊಂಡು ಹೋದದ್ದು ಯಾವುದು?

ಮರ ಸವರುವ ಕೆಲಸಕ್ಕೆ ಅವಳ ಬಳಿ ಗರಗಸ ಕಟ್ಟಿದ ದೋಟಿಗಳು ಇದ್ದದ್ದು ಎರಡೇ. ಅಲ್ಯೂಮಿನಿಯಂನದು ಹಗುರ, ಎಷ್ಟು ಹೊತ್ತು ಎತ್ತಿ ಹಿಡಿದರೂ ಹೆಗಲು ಸೋಲದು. ಆದರೆ ಕರೆಂಟಿಗೆ ಅದು ನೆಟ್ಟನೆಯ ದಾರಿ. ಫೈಬರಿನದು ಭಾರ, ತುದಿ ಓಲಾಡುತ್ತದೆ. ತಂತಿಯ ಆಸುಪಾಸಿನಲ್ಲಿ ಹಳದಿಯದನ್ನೇ ತೆಗೆಯಬೇಕೆಂದು, ಲಾರಿ ಕೆಲಸ ಬಿಟ್ಟು ಮೂರು ವಾರದ ಹಿಂದಷ್ಟೇ ಜೊತೆಗೆ ಸೇರಿದ ತಮ್ಮನಿಗೆ ಕಲಿಸಿದವಳು ಅವಳೇ. ಮೊನ್ನೆ, ಬೆವರಿಗೆ ಕೈ ಜಾರುತ್ತದೆಂದು ಅಲ್ಯೂಮಿನಿಯಂ ದೋಟಿಗೆ ಬುಡದಿಂದ ನಡುವಿನ ತನಕ ಟೇಪು ಸುತ್ತಿದವಳೂ ಅವಳೇ. ಮನೆಯಲ್ಲಿ ಸಿಕ್ಕಿದ್ದು ಹಳದಿ ಟೇಪು. ತಮ್ಮನಿಗೆ ಹೇಳಬೇಕೆಂದುಕೊಂಡವಳು ಮರೆತಿದ್ದಳು.

ಅವತ್ತಿನ ಕೆಲಸವಿದ್ದ ಆಸ್ಪತ್ರೆಯ ಹಿಂಗೋಡೆ ಸುತ್ತಿ ಓಡಿಬಂದಾಗ ಅವನು ಮರದಡಿ ಅವಳಿಗೆ ಬೆನ್ನು ಹಾಕಿ ನಿಂತಿದ್ದ. ಗರಗಸ ಕೊಂಬೆಯ ಸೀಳಿನಲ್ಲಿ ಕಚ್ಚಿಕೊಂಡಿತ್ತು. ಅಲ್ಲಿಂದ ಎರಡು ಮೊಳ ಆಚೆಗೆ ತಂತಿ. ಕೂಗಲು ತೆರೆದ ಬಾಯನ್ನು ಅವಳು ಮುಚ್ಚಿಕೊಂಡಳು. ಕರೆದರೆ ಇವನು ಬರೀ ಕತ್ತು ತಿರುಗಿಸುವವನಲ್ಲ, ದೋಟಿ ಸಮೇತ ಇಡೀ ಮೈ ತಿರುಗಿಸುವವನು.

"ತಿರುಗಬೇಡ ಕಣೋ," ಎಂದಳು, ಮಲಗಿದ ಮಗುವಿನ ಪಕ್ಕ ಮಾತಾಡುವ ದನಿಯಲ್ಲಿ.

"ಬಂದ್ಯಾ? ಇವತ್ತು ದೋಟಿ ಹೂವಿನ ಹಾಗಿದೆ ಅಕ್ಕಾ. ತೋಳಲ್ಲಿ ಶಕ್ತಿ ಇಲ್ಲ ಅಂತ ಆಡ್ಕೋತಿದ್ಯಲ್ಲ, ಈಗ ನೋಡು."

"ನೋಡ್ದೆ. ಎಳೀಬೇಡ. ಮೆಲ್ಲಗೆ ಕೈ ಬಿಟ್ಟು ಹಿಂದಕ್ಕೆ ಬಾ."

"ಇನ್ನೊಂದೇ ಎಳೆತ, ಮುಗೀತು."

"ನನ್ನಾಣೆ. ಬಿಡು."

ಅವಳಿಗೆ ಕಂಡದ್ದು ಅವನ ಬೆರಳುಗಳು ಮಾತ್ರ. ಒಂದು ಕೈ ಬಿಟ್ಟಿತು. ಇನ್ನೊಂದು, ಬಿಡಲೋ ಬೇಡವೋ ಎಂಬಂತೆ, ಟೇಪಿನ ಮೇಲೆಯೇ ಉಳಿಯಿತು. ಕೊನೆಗೆ ಅದೂ ಬಿಟ್ಟಿತು; ದೋಟಿ ಕೊಂಬೆಗೇ ನೇತಾಡಿತು. ಅವನು ಗೊಣಗುತ್ತ ಹಿಂದೆ ಹಿಂದೆ ಬಂದು ಅವಳ ಪಕ್ಕ ನಿಂತ.

ಗಾಳಿ ಬೀಸಿತು. ಅರ್ಧ ಕೊಯ್ದ ಕೊಂಬೆ ಬಾಗಿ, ದೋಟಿಯ ಬುಡ ನೆಲ ಮುಟ್ಟಿ, ಗರಗಸದ ತುದಿ ತಂತಿಗೆ ತಾಗಿ ಚಟ್ಟೆಂದು ನೀಲಿ ಕಿಡಿ ಹಾರಿತು. ದೋಟಿಯ ಬುಡದ ಹುಲ್ಲು ಹೊಗೆಯಾಡಿತು.

"ಫೈಬರಿಗೂ ಹೀಗಾಗುತ್ತಾ?" ತಮ್ಮ ಕೇಳಿದ.

"ಅದು ಫೈಬರಲ್ಲ. ಇನ್ನೊಂದಕ್ಕೆ ಟೇಪು ಸುತ್ತಿದ್ದು ನಾನು. ನಿಂಗೆ ಹೇಳ್ಲಿಲ್ಲ."

ಅವಳು ವಿದ್ಯುತ್ ಕಚೇರಿಗೆ ಫೋನು ಮಾಡಿ ಮುಗಿಸಿದಳು. ಅವನು ಎರಡೂ ಅಂಗೈಗಳನ್ನು ತೊಡೆಗೆ ಒರೆಸಿಕೊಳ್ಳುತ್ತಲೇ ಇದ್ದ. ಅವಳು ಅವನ ತೋಳು ಮುಟ್ಟಲು ಹೋದಳು. ಅವನು ಒಂದು ಹೆಜ್ಜೆ ಆಚೆ ಸರಿದ.