ಸವೆದ ಅಟ್ಟೆ

ಅವಳು ಅಪ್ಪನ ಕರಿ ಬೂಟಿಗೆ ಪಾಲಿಶ್ ಹಾಕುತ್ತಿದ್ದಳು. ಮೊದಲು ಧೂಳು ಒರೆಸಿದಳು. ಬೆರಳಿಗೆ ಬಟ್ಟೆ ಸುತ್ತಿಕೊಂಡು ಡಬ್ಬಿಯ ಅಂಚಿನಿಂದ ಕೊಂಚ ಕಪ್ಪು ತೆಗೆದು ಮೂತಿಯ ಮೇಲೆ ಸುತ್ತ ಸುತ್ತ ತಿಕ್ಕಿದಳು. ಆಮೇಲೆ ಬ್ರಷ್ಷು. ಮಾಡೆಂದು ಯಾರೂ ಹೇಳಿರಲಿಲ್ಲ. ಮಾತಾಡಬೇಕಿಲ್ಲದ ಕೆಲಸ ಅದೊಂದೇ ಉಳಿದಿತ್ತು.

ಕೈಗೆಟುಕುವಷ್ಟು ದೂರದಲ್ಲಿ ಅಪ್ಪ ಮಲಗಿದ್ದ. ನಿನ್ನೆ ಕೆಲಸದ ಸ್ಟೂಲಿನ ಮೇಲೇ ಕುಸಿದು ಜೀವ ಬಿಟ್ಟವನನ್ನು ಕಿರಿದಾದ ಮೆಟ್ಟಿಲಲ್ಲಿ ಮಹಡಿಗೆ ಹೊತ್ತೊಯ್ಯಲಾಗದೆ, ಹೊಲಿಗೆ ಮಿಷನ್ನು ಗೋಡೆಗೆ ಸರಿಸಿ ಬೂಟು ರಿಪೇರಿಯ ಅಂಗಡಿಯಲ್ಲೇ ಮಲಗಿಸಿದ್ದರು.

"ಹೋಗೋನಿಗೆ ಬೂಟು ಯಾಕೇ?" ಎಂದಳು ಸೋದರತ್ತೆ, ಗಿರಾಕಿಗಳು ಕೂರುವ ಬೆಂಚಿನಿಂದ. "ಅಳು ಬಂದ್ರೆ ಅತ್ತುಬಿಡು. ಎಲ್ಲಾ ಒಳಗೇ ಇಟ್ಕೊಂಡ್ರೆ ನಾಳೆ ನಿನ್ನೂ ಹೊರಬೇಕಾಗತ್ತೆ."

"ಹಾಕ್ಲಿ ಬಿಡಿ," ಎಂದ ಪಕ್ಕದ ಬೇಕರಿಯವನು. "ಅವನು ನನ್ನ ಮುಖ ನೋಡಿ ಮಾತಾಡಿದ್ದೇ ಇಲ್ಲ. ಕಾಲು ನೋಡಿ, 'ಏನಯ್ಯಾ, ಸೊಂಟ ಹಿಡ್ಕೊಂಡಿದೆಯಾ?' ಅನ್ನೋನು. ನನ್ನ ಹೆಂಡ್ತಿಗಿಂತ ಮುಂಚೆ ಇವನಿಗೆ ಗೊತ್ತಾಗ್ತಿತ್ತು."

"ಇವನ ಮದುವೆಗೆ ಮುಂಚೆ ಹುಡುಗಿ ಹೆಂಗಿದಾಳೋ ಅಂತ ಕೇಳಿದ್ರೆ," ಅತ್ತೆ ಕಣ್ಣೊರೆಸಿಕೊಂಡಳು, "'ಹಿಮ್ಮಡಿ ಒತ್ತಿ ನಡೀತಾಳೆ ಅಕ್ಕ, ಹಟಮಾರಿ ಇರ್ಬೇಕು' ಅಂದ. ಕಣ್ಣು ಮೂಗು ಏನಾದ್ರೂ ನೋಡಿದ್ನೋ ಇಲ್ವೋ!"

ಬಂದವರು ಸಣ್ಣಗೆ ನಕ್ಕರು. ಅವಳು ನಗಲಿಲ್ಲ. ಕಿವಿ ಬೀದಿಯ ಕಡೆಗಿತ್ತು. ಅಮ್ಮನನ್ನು ಕರೆತರುವ ವೃದ್ಧಾಶ್ರಮದ ವ್ಯಾನು ಇನ್ನೂ ಬಂದಿರಲಿಲ್ಲ. ಬಾಗಿಲಲ್ಲಿ ಅಣ್ಣ ಫೋನಿನಲ್ಲಿದ್ದ. "ಆಗ್ಲಿ ಮೇಡಂ. ಹೌದು, ಕತ್ತಲಾಗೋ ಮುಂಚೆ ವಾಪಸ್ ಕಳಿಸ್ತೀವಿ."

ಅವಳ ಬ್ರಷ್ಷು ನಿಂತಿತು. ಆಶ್ರಮದಲ್ಲಿ ಅಮ್ಮ ಹೇಗಿದ್ದಾಳೆಂದು ಅವಳಿಗೆ ನಿಜಕ್ಕೂ ಗೊತ್ತಿರಲಿಲ್ಲ. ನೋಡಲು ಹೋದಾಗಲೆಲ್ಲ ಅಮ್ಮ ಆಗಲೇ ಭೇಟಿಯ ಕೋಣೆಯ ಕುರ್ಚಿಯಲ್ಲಿ ಕೂತಿರುತ್ತಿದ್ದಳು, ಕಾಲ ತುದಿಯವರೆಗೂ ಹೊದಿಕೆ. ನಡೆದು ಬಂದಳೋ, ಎತ್ತಿ ತಂದರೋ, ಕಂಡವರಿಲ್ಲ.

*

ಲಕ್ವ ಹೊಡೆದು ಅಮ್ಮನ ಬಲಭಾಗ ಬಿದ್ದುಹೋದಾಗ ಡಾಕ್ಟರು ಹೇಳಿದ್ದು ಒಂದೇ ಮಾತು: ದಿನಾ ನಡೆಸಿ, ಬಿಟ್ಟರೆ ಕಾಲು ಮತ್ತೆ ಬರುವುದಿಲ್ಲ.

ಅಪ್ಪ ನಡೆಸಿದ. ಅಮ್ಮನ ಬಲಗಾಲು ನೆಲ ಗೀರುತ್ತ ಬರುತ್ತಿತ್ತು. ಆ ಕಾಲಿನ ಚಪ್ಪಲಿಯ ಮೂತಿ ಸವೆದಂತೆಲ್ಲ ಅವನು ಹೊಸ ತುಂಡು ಅಂಟಿಸುತ್ತಿದ್ದ. ಆಮೇಲೆ ಅವನಿಗೇ ಏದುಸಿರು ಶುರುವಾಯಿತು. ಅಣ್ಣ ಆಶ್ರಮಗಳನ್ನು ಹುಡುಕಿದ.

ಮೊದಲು ನೋಡಿದ ಕಡೆ ನೆಲದಲ್ಲಿ ಮುಖ ಕಾಣುತ್ತಿತ್ತು. ಮೇಲ್ವಿಚಾರಕಿ ಟೀವಿ ತೋರಿಸಿದಳು, ತೋಟ ತೋರಿಸಿದಳು. ಅಣ್ಣ ತಲೆಯಾಡಿಸುತ್ತಲೇ ಇದ್ದ. ಅಪ್ಪ ಲೇಸು ಕಟ್ಟುವವನಂತೆ ಒಂದು ಮಂಚದ ಪಕ್ಕ ಕುಕ್ಕರಗಾಲಲ್ಲಿ ಕೂತು, ಕೆಳಗಿದ್ದ ಚಪ್ಪಲಿ ಎತ್ತಿ ಮಗುಚಿ ನೋಡಿದ. ಪಕ್ಕದ ಮಂಚದ್ದನ್ನೂ ನೋಡಿದ.

"ಅಪ್ಪಾ, ಏನಿದು? ಎದ್ದೇಳು," ಅಣ್ಣ ಪಿಸುಗುಟ್ಟಿದ.

ಹೊರಗೆ ಬಂದ ಮೇಲೆ ಅಪ್ಪ ಮಗಳಿಗೆ ಹೇಳಿದ. "ಅಟ್ಟೆ ಮೇಲಿನ ಗೆರೆ ಕೂಡ ಅಳಿಸಿಲ್ಲ ಕಣೇ ಸೂಜಿ. ತೋಟ ಯಾರಿಗೆ? ಎಲ್ಲರನ್ನೂ ಮಲಗಿಸಿಟ್ಟಿದಾರೆ." ಅವಳು ತೆಳ್ಳಗಿದ್ದುದಕ್ಕೆ ಅವನು ಇಟ್ಟ ಹೆಸರು ಅದು. ಶಾಲೆ ಬಿಟ್ಟು ಅವನ ಪಕ್ಕದ ಸ್ಟೂಲಿನಲ್ಲಿ ಕೂತಂದಿನಿಂದ ಬೀದಿಗೆಲ್ಲ ಅವಳು ಸೂಜಿಯೇ.

ಇನ್ನೊಂದು ಕಡೆ ಗೋಡೆಯ ಗಾರೆ ಉದುರುತ್ತಿತ್ತು. ಅಣ್ಣ ಬಾಗಿಲಲ್ಲೇ ಮೂಗು ಮುರಿದ. ಆದರೆ ಅಲ್ಲಿಯ ಮಂಚಗಳ ಕೆಳಗೆ ಅಪ್ಪ ಎತ್ತಿದ ಚಪ್ಪಲಿಗಳೆಲ್ಲ ಚೆನ್ನಾಗಿ ಸವೆದಿದ್ದವು. ಒಂದರ ಹಿಮ್ಮಡಿ, ಒಂದರ ಹೊರ ಅಂಚು. ಅಪ್ಪನ ಮುಖ ಬೆಳಗಿತು.

"ಇಲ್ಲಿ ನಡೆಸ್ತಾರೆ."

ಅಮ್ಮನಿಗೆಂದು ಅವನು ಹೊಸ ಜೊತೆ ಹೊಲಿದ, ಬಲಗಾಲಿನ ಮೂತಿಗೆ ಎರಡು ಪದರ ಚರ್ಮ ಕೊಟ್ಟು. "ಸವೆದ ಮೇಲೆ ಕಳಿಸಿಕೊಡು" ಎಂದು ಅಮ್ಮನ ಕಾಲಿಗೆ ತೊಡಿಸಿ ಕಳಿಸಿದ. ಅದು ರಿಪೇರಿಗೆ ಬರಲೇ ಇಲ್ಲ. "ನನ್ನ ಕೆಲಸ ಅಂದ್ರೆ ಹಾಗೆ!" ಎಂದು ಬೀಗುತ್ತಿದ್ದ.

*

ವ್ಯಾನು ಬಂತು. ಆಯಾ ಗಾಲಿಕುರ್ಚಿ ಇಳಿಸಿ ಅಮ್ಮನನ್ನು ಅಪ್ಪನ ತಲೆಯ ಹತ್ತಿರ ತಂದು ನಿಲ್ಲಿಸಿದಳು. ಅಮ್ಮ ಬಹಳ ಹೊತ್ತು ನೋಡಿದಳು. ಸೊಟ್ಟಗಾದ ಬಾಯಿಂದ ಮಾತು ನಿಧಾನವಾಗಿ ಬಂತು.

"ಬಾಯಿ ನೋಡಿದ್ರಾ? ಕೆಲಸ ಮಾಡೋವಾಗ ಮೊಳೆ ಕಚ್ಕೊಂಡಿರ್ತಾರೆ. ಇದ್ರೆ ತೆಗೀರಿ."

ಅಲ್ಲಿಯವರೆಗೆ ಗಟ್ಟಿಯಾಗಿದ್ದ ಬೇಕರಿಯವನು ಹೊರಗೆ ಎದ್ದುಹೋದ.

ಸೂಜಿ ಅಮ್ಮನ ಕಾಲ ಬಳಿ ಕೂತಳು. ಹೊದಿಕೆಯ ಕೆಳಗೆ ಇಣುಕಿದ್ದು ಕಂದು ಬಣ್ಣದ ಚಪ್ಪಲಿ, ಅಪ್ಪ ಹೊಲಿದದ್ದಲ್ಲ. ಬಲಗಾಲಿನದನ್ನು ಬಿಚ್ಚಿ ಮಗುಚಿದಳು. ಮೂತಿ ಹಾಗೇ ಇತ್ತು. ಹಿಮ್ಮಡಿಯ ಹೊರ ಅಂಚು ಕಾಗದದಷ್ಟು ತೆಳ್ಳಗೆ ಸವೆದಿತ್ತು. ಯಾರೋ ಭಾರಿ ಮನುಷ್ಯರು, ಕಾಲು ಅಗಲಿಸಿ ನಡೆಯುವವರು. ಅಮ್ಮ ಅಲ್ಲ.

"ಇದು ಯಾರದು?" ಎಂದು ಆಯಾಳನ್ನು ಕೇಳಿದಳು.

"ಯಾರದ್ದೋ ಏನೋ ತಾಯಿ. ನಮ್ಮಲ್ಲಿ ಇದು ಇವರದು ಅಂತಿಲ್ಲ. ಜನ ಹಳೇದು ಮೂಟೆಗಟ್ಲೆ ತಂದು ಕೊಡ್ತಾರೆ, ಸಿಕ್ಕಿದ್ದು ಹಾಕ್ತೀವಿ. ಪಾದ ಬೆಚ್ಚಗಿದ್ರೆ ಸಾಕಲ್ವಾ?"

"ಅಮ್ಮ ನಡೀತಾಳಾ?"

ಆಯಾ ಸುತ್ತ ನೋಡಿ ದನಿ ತಗ್ಗಿಸಿದಳು. "ಸುಳ್ಳು ಹೇಳಲ್ಲ. ನಡೆಸೋಕೆ ಕೈ ಎಲ್ಲಿವೆ? ಒಬ್ಳೇ ಎಷ್ಟು ಜನರನ್ನ ಏಳಿಸ್ಲಿ? ಬಿದ್ರೆ ನನ್ನ ತಲೆಗೇ ಬರತ್ತೆ."

ಸೂಜಿ ಅಮ್ಮನ ಮೀನಖಂಡ ಹಿಡಿದು ನೋಡಿದಳು. ಬೆರಳುಗಳು ಒಂದನ್ನೊಂದು ಮುಟ್ಟಿದವು. ಅಪ್ಪ ಅಂದು ಆ ಚಪ್ಪಲಿಗಳಲ್ಲಿ ಓದಿದ್ದು ಯಾರು ಯಾರೋ ಊರೆಲ್ಲ ಸುತ್ತಿ ಬಿಟ್ಟುಕೊಟ್ಟ ನಡಿಗೆ. ಆ ಮಂಚದಲ್ಲಿದ್ದವರದ್ದಲ್ಲ.

ಅಪ್ಪನ ಮುಖ ನೋಡಿದಳು. ನೆಮ್ಮದಿಯಾಗಿತ್ತು.

*

ಅಪ್ಪನನ್ನು ಕಳಿಸಿ ಬಂದಾಗ ಬಿಸಿಲು ಇಳಿದಿತ್ತು. ಅಂಗಡಿಯ ನೆಲ ತೊಳೆದು ಆಗಿತ್ತು. ವ್ಯಾನಿನ ಡ್ರೈವರು ಎರಡು ಸಲ ಹಾರ್ನ್ ಮಾಡಿದ. ಆಯಾ ಅಮ್ಮನನ್ನು ಎತ್ತಿ ಸೀಟಿಗೆ ಕೂರಿಸಿದಳು.

"ಅಣ್ಣ," ಸೂಜಿ ಅವನ ತೋಳು ಹಿಡಿದಳು. "ಅಲ್ಲಿ ಅಮ್ಮನ್ನ ನಡೆಸಲ್ಲ."

"ಈಗ ಬೇಡ ಕಣೆ."

"ಈಗ ಕಳಿಸಿದ್ರೆ ಕಾಲು ಹೋಗತ್ತೆ."

"ಅಪ್ಪನೇ ಮಂಚದಡಿ ತೂರಿ ನೋಡಿ ಆರಿಸಿದ ಜಾಗ ಅದು. ನಾನು ಬೇಡ ಅಂದಿದ್ದೆ. ಅಪ್ಪನಿಗಿಂತ ನಿಂಗೆ ಜಾಸ್ತಿ ಗೊತ್ತಾ?"

ಬೆಂಚಿನ ಮೇಲಿದ್ದವರು ಮಾತು ನಿಲ್ಲಿಸಿ ತಿರುಗಿದರು. ಅಷ್ಟು ಕಣ್ಣುಗಳ ಎದುರು ಅವಳು ಎಂದೂ ಬಾಯಿ ಬಿಟ್ಟವಳಲ್ಲ. ಗಿರಾಕಿ ಬಂದರೂ ಬೂಟು ಕೈಗೆ ಕೊಟ್ಟು ತಲೆ ತಗ್ಗಿಸುವವಳು.

"ಅಪ್ಪನಿಂದ ತಪ್ಪಾಯ್ತು," ಎಂದಳು. "ಅಲ್ಲಿರೋ ಚಪ್ಪಲಿ ಅಲ್ಲಿನವರದಲ್ಲ. ಯಾರೋ ಹಾಕಿ ಬಿಟ್ಟದ್ದು."

"ಅಯ್ಯಯ್ಯೋ!" ಅತ್ತೆ ಎದ್ದುನಿಂತಳು. "ಬಾಯಲ್ಲಿ ಬೆರಳಿಟ್ರೂ ಕಚ್ಚದವಳು ಅನ್ಕೊಂಡಿದ್ನಲ್ಲೇ. ಅವನ ಮೇಲೆ ಹಾಕಿದ ಮಣ್ಣಿನ್ನೂ ಒಣಗಿಲ್ಲ, ಆಗ್ಲೇ ತಪ್ಪು ಎಣಿಸ್ತೀಯಾ?"

"ಅಮ್ಮ ಇಲ್ಲೇ ಇರ್ಲಿ. ಅಂಗಡೀಲಿ. ಮೆಟ್ಟಿಲಿಲ್ಲ."

"ಎಲ್ಲಿ ಮಲಗಿಸ್ತೀಯಾ?" ಅಣ್ಣ ಕೇಳಿದ.

ಅವಳು ಒಳಗೆ ನೋಡಿದಳು. ಮಿಷನ್ನು ಸರಿಸಿ ಅಪ್ಪನನ್ನು ಮಲಗಿಸಿದ್ದ ಜಾಗ ಇನ್ನೂ ಒದ್ದೆಯಾಗಿತ್ತು. ಅಣ್ಣನಿಗೂ ಅದು ಕಂಡಿತು. ಅವನ ಮುಖ ಒಂದು ಕ್ಷಣ ಚಿಕ್ಕಂದಿನ ಮುಖವಾಯಿತು.

"ಚರ್ಮ, ಅಂಟಿನ ವಾಸನೇಲಿ ಅಮ್ಮ... ನಿಂಗೇನಾದ್ರೂ ಆದ್ರೆ? ಬಿದ್ರೆ ಯಾರು ಹೊಣೆ? ನನ್ನ ಕೈಲಿ ಆಗಲ್ಲ ಸೂಜಿ," ಎಂದು ಅವನು ಡ್ರೈವರಿಗೆ ಕೈ ಬೀಸಿದ.

ಎಂಜಿನ್ನು ಶುರುವಾಯಿತು. ಅವಳು ಬಾಗಿಲು ಸರಿಯುವ ಮುಂಚೆ ವ್ಯಾನು ಹತ್ತಿ ಅಮ್ಮನ ಬಲ ಕಂಕುಳಿಗೆ ಹೆಗಲು ಕೊಟ್ಟಳು. ಅಮ್ಮ ಎಡಗೈಯಿಂದ ಮುಂದಿನ ಸೀಟು ಹಿಡಿದು ಎಳೆದುಕೊಂಡಳು, ಸೀಟಿನಿಂದ ಗೇಣಷ್ಟು ಮೇಲೆದ್ದಳು. ಇಬ್ಬರ ಮೈಯೂ ನಡುಗುತ್ತಿತ್ತು. ಅಲ್ಲಿಂದ ಮೇಲೇಳಲೂ ಆಗದು, ಮತ್ತೆ ಕೂರಲೂ ಅಮ್ಮ ಒಪ್ಪಳು.

ಅಣ್ಣ ಫೋನು ನೋಡುತ್ತಿದ್ದ. ಅತ್ತೆ ಕಣ್ಣು ಮುಚ್ಚಿಕೊಂಡಿದ್ದಳು. ಬೇಕರಿಯವನು ತನ್ನ ಅಂಗಡಿಯ ಕಡೆ ತಿರುಗಿ ನಿಂತಿದ್ದ.

"ಯಾರಾದ್ರೂ ಆ ಕಡೆ ಹಿಡ್ಕೊಳ್ಳಿ," ಎಂದಳು ಸೂಜಿ.