ದ್ಯಾಮವ್ವ ಕರೆಯದ ಬೆಳಗು

ನಾನು ಒಂದು ಪುಟ್ಟ ವಿಮಾನ. ವಿಮಾನ ಅಂದಕೂಡಲೇ ಹೊಟ್ಟೆಯೊಳಗೆ ಇನ್ನೂರು ಜನರನ್ನು ಕೂರಿಸಿಕೊಂಡು ಊಟ ಬಡಿಸುವ ದೊಡ್ಡ ಜಾತಿಯವರನ್ನು ನೆನೆಯಬೇಡಿ. ನನಗೆ ಬಾಗಿಲಿಲ್ಲ, ಕಿಟಕಿಯಿಲ್ಲ, ಚಾವಣಿಯಿಲ್ಲ. ಮೂರು ಗಾಲಿಯ ಮೇಲೊಂದು ಅಲ್ಯೂಮಿನಿಯಂ ಚೌಕಟ್ಟು, ಒಂದರ ಹಿಂದೊಂದು ಎರಡು ಸೀಟು, ಬೆನ್ನಿಗೆ ಎಂಜಿನ್ನು ಮತ್ತು ಫ್ಯಾನು, ತಲೆಯ ಮೇಲೆ ಬಟ್ಟೆಯ ರೆಕ್ಕೆ. ಆಟೋರಿಕ್ಷಾಕ್ಕೆ ಕೊಡೆ ಹಿಡಿದ ಹಾಗಿದೆ ಎಂದು ನೋಡಿದವರು ನಗುತ್ತಾರೆ. ನಗಲಿ. ಯಾವ ಆಟೋರಿಕ್ಷಾ ಹೆಬ್ಬಾತಿನ ಜೊತೆ ಹಾರಿದೆ, ಹೇಳಿ ನೋಡೋಣ.

ನಾನು ಹುಟ್ಟಿದ್ದು ಬೆಂಗಳೂರಿನಾಚೆಯ ಒಂದು ತಗಡಿನ ಶೆಡ್ಡಿನಲ್ಲಿ. ರೆಕ್ಕೆ ಹೊಲಿದವರು ದಾದಾಪೀರ್ ಎಂಬ ದರ್ಜಿ. ಅದುವರೆಗೆ ಅವರು ಹೊಲಿದದ್ದೆಲ್ಲ ಮದುವೆ ಮನೆಯ ಶಾಮಿಯಾನ. ನನ್ನ ರೆಕ್ಕೆ ಮುಗಿಸಿದವರೇ ಅಭ್ಯಾಸಬಲದಿಂದ ನಾಲ್ಕು ಕಡೆ ಹಗ್ಗ ಪೋಣಿಸುವ ಕುಣಿಕೆಗಳನ್ನೂ ಇಟ್ಟುಬಿಟ್ಟರು. ಹಾರುವುದಕ್ಕೆ ಕುಣಿಕೆ ಯಾಕೆ ಎಂದು ಯಾರೋ ಕೇಳಿದಾಗ, "ನಿಂತಾಗ ಕಟ್ಟೋದು ಬೇಡವಾ ಸ್ವಾಮಿ? ಗಾಳಿ ಏನು ನಮ್ಮ ಮನೆ ಆಳಾ?" ಎಂದರು. ಅವರ ಮಾತಿನಲ್ಲಿ ತಪ್ಪಿಲ್ಲ. ಆದರೆ ನನ್ನ ಹಣೆಬರಹ ಅಂದೇ ಬರೆದುಹೋಯಿತು. ಇಷ್ಟು ವರ್ಷದಲ್ಲಿ ನಾನು ಹಾರಿದ್ದು ಕೆಲವು ಗಂಟೆ, ಕಟ್ಟಿಸಿಕೊಂಡು ನಿಂತದ್ದು ಉಳಿದೆಲ್ಲ ಹೊತ್ತು.

ಮೊದಲು ಒಂದು ಹಾರಾಟದ ಕ್ಲಬ್ಬಿಗೆ ಸೇರಿದೆ. ಭಾನುವಾರ ಜನ ಬರುತ್ತಿದ್ದರು, ಕಣ್ಣು ಮುಚ್ಚಿಕೊಂಡು ಹಿಂದಿನ ಸೀಟಿನಲ್ಲಿ ಕೂರುತ್ತಿದ್ದರು. ಮೈದಾನದ ಸುತ್ತ ಹತ್ತು ನಿಮಿಷ ತಿರುಗಿಸಿ ಇಳಿಸಬೇಕು. ಮತ್ತೊಬ್ಬರು, ಮತ್ತದೇ ಸುತ್ತು. ಗಾಣದ ಎತ್ತಿಗೂ ನನಗೂ ಇದ್ದ ವ್ಯತ್ಯಾಸವೆಂದರೆ ಎತ್ತಿಗೆ ಹಿಂಡಿಯಾದರೂ ಸಿಗುತ್ತಿತ್ತು. ದೂರದಲ್ಲಿ ಬೆಟ್ಟ ಕಾಣುತ್ತಿತ್ತು, ಅದರಾಚೆ ಏನಿದೆಯೋ ನೋಡಬೇಕು ಅನ್ನಿಸುತ್ತಿತ್ತು. ಎಲ್ಲಿಗೆ ಹೋಗಬೇಕೆಂದು ನನ್ನನ್ನು ಕೇಳಿದವರು ಯಾರೂ ಇಲ್ಲ.

ಆ ಕ್ಲಬ್ಬಿನ ಮೆಕ್ಯಾನಿಕ್ ಫಕೀರಪ್ಪ. ವಾಯುಪಡೆಯಲ್ಲಿ ಇಪ್ಪತ್ತು ವರ್ಷ ವಿಮಾನಗಳ ಹೊಟ್ಟೆಯ ಕೆಳಗೆ ಮಲಗಿ ನಟ್ಟು ಬಿಗಿದು, ಒಂದು ಸಲವೂ ಹಾರಿಸದೆ ನಿವೃತ್ತನಾಗಿ ಬಂದವನು. ಎಂಜಿನ್ನಿನ ಪಕ್ಕದಲ್ಲೇ ಆಯುಷ್ಯ ಕಳೆದು ಅವನ ಕಿವಿ ಅರ್ಧ ಹೋಗಿತ್ತು. ದೊಡ್ಡ ಸದ್ದು ಕೇಳುತ್ತಿತ್ತು, ಸಣ್ಣದು ಕೇಳುತ್ತಿರಲಿಲ್ಲ. ನಲವತ್ತೈದು ದಾಟಿದ ಮೇಲೆ ಹಟ ಹಿಡಿದು ನನ್ನ ಮೇಲೆಯೇ ಹಾರಲು ಕಲಿತು ಲೈಸೆನ್ಸು ಪಡೆದ. ಕ್ಲಬ್ಬು ಮುಚ್ಚಿದಾಗ ನನ್ನನ್ನು ಗುಜರಿಗೆ ಹಾಕಲು ಬಿಡಲಿಲ್ಲ. ರೆಕ್ಕೆ ಮಡಚಿ, ಲಾರಿಯೊಂದರಲ್ಲಿ ಶೇಂಗಾ ಚೀಲಗಳ ನಡುವೆ ಕಟ್ಟಿ, ಗದಗಿನ ಸೀಮೆಯ ತನ್ನ ಊರು ಸೂಡಗಟ್ಟಿಗೆ ಒಯ್ದ. ಹಾರುವವನೊಬ್ಬ ಸಿಕ್ಕನಲ್ಲ ಎಂದು ದಾರಿಯುದ್ದಕ್ಕೂ ಹಿಗ್ಗಿದೆ. ಊರು ಮುಟ್ಟಿದ್ದೇ ತಡ, ಮೇವಿನ ಕೊಟ್ಟಿಗೆಗೆ ನೂಕಿ ನಾಲ್ಕೂ ಕುಣಿಕೆಗೆ ಹಗ್ಗ ಬಿಗಿದ. ತಾನೊಂದು ಬಗೆದರೆ ದೈವವೊಂದು ಬಗೆಯಿತು.

ಅಲ್ಲಿ ನನಗೊಬ್ಬಳು ಜೊತೆಗಾತಿ ಸಿಕ್ಕಳು, ಅವಳೂ ನನ್ನ ಹಾಗೆಯೇ ಸಿಕ್ಕಿಬಿದ್ದವಳು. ಸೂಡಗಟ್ಟಿಯ ಕೆರೆಗೆ ಪ್ರತಿ ಚಳಿಗಾಲ ಹಿಮಾಲಯದಾಚೆಯಿಂದ ಹೆಬ್ಬಾತುಗಳು ಬರುತ್ತವೆ. ಬೂದು ಮೈ, ಬಿಳಿ ತಲೆ, ತಲೆಯ ಹಿಂದೆ ಎರಡು ಕಪ್ಪು ಗೆರೆ. ಮಾರ್ಚ್ ತಿಂಗಳಲ್ಲಿ ಬಿಸಿಲು ಏರಿದಂತೆ ಬಡಗಣ ದಿಕ್ಕಿಗೆ ಮರಳುತ್ತವೆ. ನಾನು ಬರುವ ಒಂದು ತಿಂಗಳ ಮೊದಲು ಒಂದು ಹೆಬ್ಬಾತು ಕರೆಂಟಿನ ತಂತಿಗೆ ಬಡಿದು ಫಕೀರಪ್ಪನ ಹೊಲದಲ್ಲಿ ಬಿದ್ದಿತ್ತು. ಅವನ ಹೆಂಡತಿ ದ್ಯಾಮವ್ವ ಅದನ್ನು ಸೆರಗಿನಲ್ಲಿ ಸುತ್ತಿ ತಂದಳು. ದನದ ಡಾಕ್ಟರು ರೆಕ್ಕೆಗೆ ಪಟ್ಟಿ ಕಟ್ಟಿದರು. ಅರಣ್ಯ ಇಲಾಖೆಯವರು ಬಂದು ಬರೆದುಕೊಂಡು, ವಾಸಿಯಾಗುವವರೆಗೆ ಇಲ್ಲೇ ಇರಲಿ, ಮುಂದಿನ ಮಾರ್ಚಿನಲ್ಲಿ ಹಿಂಡಿನ ಜೊತೆ ಹೋಗಬೇಕು, ಹೋಗದಿದ್ದರೆ ಮೃಗಾಲಯಕ್ಕೆ ಒಯ್ಯುತ್ತೇವೆ ಎಂದು ಹೇಳಿಹೋದರು.

ದ್ಯಾಮವ್ವ ಅದಕ್ಕೆ ಗೆರಿಯವ್ವ ಎಂದು ಹೆಸರಿಟ್ಟಳು. ಆ ಮನೆಯಲ್ಲಿ ಕೂಸಿರಲಿ, ಕರುವಿರಲಿ, ಹೊಸದಾಗಿ ಬಂದ ಜೀವಕ್ಕೆ ದೃಷ್ಟಿಯಾಗಬಾರದೆಂದು ಕಾಲಿಗೆ ಕರಿದಾರ ಕಟ್ಟಿ ಒಂದು ಗೆಜ್ಜೆ ಪೋಣಿಸುವುದು ರೂಢಿ. ಗೆರಿಯವ್ವನಿಗೂ ಕಟ್ಟಿದಳು. ಜೋಳದ ಬೆಳೆಯಲ್ಲಿ ನುಗ್ಗಿದರೂ ಗೆಜ್ಜೆಯ ಸದ್ದಿಗೆ ಹುಡುಕಬಹುದಿತ್ತು. ಅವಳು "ಬಾರವ್ವಾ ಗೆರೀ" ಎಂದರೆ ಸಾಕು, ಎಲ್ಲಿದ್ದರೂ ಝಲ್ ಝಲ್ ಎಂದು ಓಡಿಬರುತ್ತಿತ್ತು. ನಾನು ಕಟ್ಟಿಸಿಕೊಂಡಲ್ಲಿಂದ ನೋಡುತ್ತಿದ್ದೆ. ಹೊಟ್ಟೆಕಿಚ್ಚು ಎನ್ನಿ ಬೇಕಾದರೆ, ನನ್ನನ್ನು ಹಾಗೆ ಕರೆದವರು ಯಾರಿದ್ದರು?

ರೆಕ್ಕೆ ಕೂಡಿತು. ಚಳಿಗಾಲ ಬಂದು ಕೆರೆಯಲ್ಲಿ ಹಿಂಡು ಇಳಿಯಿತು. ಗೆರಿಯವ್ವನನ್ನು ಕೆರೆಯ ದಂಡೆಗೆ ಒಯ್ದು ಬಿಟ್ಟರೆ, ಅದು ದ್ಯಾಮವ್ವನ ಹಿಂದೆಯೇ ನಡೆದು ಮನೆಗೆ ಬರುತ್ತಿತ್ತು. ಅಂಗಳ ದಾಟಿ ಹಾರಲೇ ಇಲ್ಲ. ಹಾರಬಲ್ಲೆ ಎಂಬುದನ್ನೇ ಅದು ಮರೆತಿತ್ತೋ ಏನೋ. ಮೃಗಾಲಯದ ಪಂಜರ ಹತ್ತಿರವಾಗತೊಡಗಿತು. ಆಗ ಫಕೀರಪ್ಪನಿಗೆ ನನ್ನ ನೆನಪಾಯಿತು. ಅದು ಅವಳ ದನಿಯ ಹಿಂದೆ ಬರುವುದಾದರೆ, ದನಿಯನ್ನೇ ಆಕಾಶಕ್ಕೆ ಏರಿಸಿದರಾಯಿತು ಎಂದು ಲೆಕ್ಕ ಹಾಕಿದ.

ಜನವರಿಯಲ್ಲಿ ಹಗ್ಗ ಬಿಚ್ಚಿದರು. ಶೇಂಗಾ ಕಿತ್ತ ಬಯಲಿನಲ್ಲಿ ನಾನು ಓಡುವುದು, ಹಿಂದಿನ ಸೀಟಿನಲ್ಲಿ ಹೆಲ್ಮೆಟ್ಟು ಹಾಕಿದ ದ್ಯಾಮವ್ವ ಕರೆಯುವುದು, ಗೆರಿಯವ್ವ ಗೆಜ್ಜೆ ಕಟ್ಟಿಕೊಂಡು ಓಡಿಬರುವುದು. ಊರ ಬಾಯಿಗೆ ಬೀಗ ಹಾಕುವವರು ಯಾರು? ಫಕೀರಪ್ಪ ಬಾತುಕೋಳಿಗೆ ಡ್ರೈವಿಂಗ್ ಕಲಿಸುತ್ತಿದ್ದಾನೆ ಎಂದು ಆಡಿಕೊಂಡರು. ಒಂದು ದಿನ ನನ್ನ ಗಾಲಿ ನೆಲ ಬಿಟ್ಟಾಗ ಗೆರಿಯವ್ವನ ಕಾಲೂ ನೆಲ ಬಿಟ್ಟಿತು. ಆಡಿಕೊಂಡವರೆಲ್ಲ ಬಾಯಿ ಮುಚ್ಚಿದರು.

ಮಾರ್ಚಿನಲ್ಲಿ ಹಿಂಡು ಹೊರಡುವ ಹೊತ್ತಿಗೆ ಬಯಲು ಬಿಟ್ಟು ದೂರ ಹಾರಲು ಮೂರು ಬೆಳಗಿಗೆ ಮಾತ್ರ ಸರ್ಕಾರದ ಒಪ್ಪಿಗೆ ಸಿಕ್ಕಿತು. ಮಲಪ್ರಭಾ ಹೊಳೆ ದಾಟುವಂತಿಲ್ಲ. ಮೊದಲ ಬೆಳಗು ಕಪ್ಪತಗುಡ್ಡದ ಕಡೆಯಿಂದ ಬಿರುಗಾಳಿ ಬೀಸಿ ನನ್ನನ್ನು ಬಿಚ್ಚಲೇ ಇಲ್ಲ. ಎರಡನೆಯ ಬೆಳಗು ಏರಿದೆವು. ಹಿಂಡು ಮುಂದೆ, ನಾನು ಹಿಂದೆ, ನನ್ನ ಎಡರೆಕ್ಕೆಯ ತುದಿಗೆ ಮೊಳದಷ್ಟು ದೂರದಲ್ಲಿ ಗೆರಿಯವ್ವ. ಅಷ್ಟು ಹತ್ತಿರ ಇನ್ನೊಂದು ರೆಕ್ಕೆ ಬಡಿಯುವುದನ್ನು ನಾನು ಅದುವರೆಗೆ ನೋಡಿರಲಿಲ್ಲ. ಮೈಯೆಲ್ಲ ಹಗುರಾಯಿತು, ಜನ್ಮ ಸಾರ್ಥಕವಾಯಿತು ಅಂದುಕೊಂಡೆ. ಗೆರಿಯವ್ವ ಕತ್ತು ಚಾಚಿ ಹಿಂಡಿನತ್ತ ಹೋಯಿತು. ಹೋದದ್ದೇ ತಡ, ಹಿಂಡು ದಿಕ್ಕಾಪಾಲಾಗಿ ಒಡೆಯಿತು. ಮತ್ತೆ ಕೂಡಿದವು, ಗೆರಿಯವ್ವ ಮತ್ತೆ ಹತ್ತಿರ ಹೋಯಿತು, ಮತ್ತೆ ಚೆದುರಿದವು. ಮೂರನೆಯ ಸಲಕ್ಕೆ ಅದು ಸೋತು ನನ್ನ ಪಕ್ಕಕ್ಕೆ ಮರಳಿತು.

ಫಕೀರಪ್ಪ ನನ್ನ ಮೇಲೆಯೇ ಅನುಮಾನಪಟ್ಟ. ಎಂಜಿನ್ನು ವಿಪರೀತ ಸದ್ದು ಮಾಡುತ್ತಿರಬೇಕು ಎಂದು ಮಧ್ಯಾಹ್ನವೆಲ್ಲ ನನ್ನನ್ನು ಬಿಚ್ಚಿ ತಿಕ್ಕಿದ. ನನಗೆ ಕಾರಣ ಗೊತ್ತಿತ್ತು, ಆ ಝಲ್ ಝಲ್ ನನಗೆ ಕೇಳಿಸಿತ್ತು. ಆದರೆ ನನಗಿರುವುದು ಒಂದೇ ಬಾಯಿ, ಅದನ್ನೇ ಅವನು ಬಿಚ್ಚಿ ನೆಲದ ಮೇಲಿಟ್ಟಿದ್ದ. ಇಳಿಹೊತ್ತಿಗೆ ದ್ಯಾಮವ್ವ ಚಹಾ ತಂದಿಟ್ಟು ಅಲ್ಲೇ ನಿಂತಳು.

"ಎಂಜಿನ್ನಿಗೆ ಏನೂ ಆಗಿಲ್ರಿ, ಅದರ ಸಪ್ಪಳ ಅವಕ್ಕ ಎರಡ ತಿಂಗಳಿಂದ ರೂಢಿ ಆಗೇತಿ. ಗೆಜ್ಜಿ ಸಪ್ಪಳಕ್ಕ ಅವು ಅಂಜತಾವು."

ಫಕೀರಪ್ಪ ಸ್ಪ್ಯಾನರು ಕೆಳಗಿಟ್ಟ. ಆ ಗೆಜ್ಜೆ ಇದೆಯೆಂಬುದೇ ಅವನ ಕಿವಿಗೆ ಮರೆತುಹೋಗಿತ್ತು. "ಬಿಚ್ಚೂದು ಮರತ್ಯಾ?" ಎಂದು ಕೇಳಿದ.

"ಮರತಿಲ್ಲ. ಗೊತ್ತಿದ್ದೂ ಬಿಚ್ಚಲಿಲ್ಲ."

ಅವನು ಎಣ್ಣೆಗೈಯನ್ನು ಬಟ್ಟೆಗೆ ಒರೆಸಿಕೊಂಡ. ಆಮೇಲೆ ಮೆತ್ತಗೆ, "ಅದು ಪಂಜರದಾಗ ಬಿದ್ರ ನಿನಗ ಆದೀತೇನ?" ಅಂದ.

"ಪಂಜರದಾಗಿದ್ರ ಹೋಗಿ ನೋಡಿಕೊಂಡ ಬರಬಹುದಲ್ರಿ," ಎಂದಳು ದ್ಯಾಮವ್ವ. ಅಂದವಳೇ ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತಳು. ತಾನು ಆಡಿದ ಮಾತು ತನ್ನ ಕಿವಿಗೇ ಬಿದ್ದು ನಾಚಿಕೆಯಾಗಿರಬೇಕು. ಫಕೀರಪ್ಪ ಬೈಯಲಿಲ್ಲ. ತಣ್ಣಗಾದ ಚಹಾ ಕುಡಿದು ನನ್ನ ಪ್ಲಗ್ಗುಗಳನ್ನು ಒಂದೊಂದಾಗಿ ಮರಳಿ ಜೋಡಿಸಿದ. ಅವಳಿಗೆ ನಾನು ಬೈದುಕೊಂಡೆ, ನಿಜ. ಆದರೆ ಇಡೀ ಆಯುಷ್ಯದಲ್ಲಿ ನನ್ನನ್ನು ಕಟ್ಟಿದವರು ಯಾರೂ ನಾನು ಹೋದೇನೆಂಬ ಸಂಕಟದಿಂದ ಕಟ್ಟಿದವರಲ್ಲ.

ಮೂರನೆಯ ಬೆಳಗು, ಕೊನೆಯದು. ಕೆರೆಯಲ್ಲಿ ಕಡೆಯ ಹಿಂಡು ಮಾತ್ರ ಉಳಿದಿತ್ತು. ದ್ಯಾಮವ್ವ ಅಂಗಳದಲ್ಲಿ ಕೂತು, ಗೆರಿಯವ್ವನನ್ನು ತೊಡೆಯ ಮೇಲಿಟ್ಟುಕೊಂಡು, ಕರಿದಾರವನ್ನು ತಾನೇ ಕತ್ತರಿಸಿದಳು. ಗೆಜ್ಜೆಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ನನ್ನ ಹಿಂದಿನ ಸೀಟಿಗೆ ಹತ್ತಿದಳು.

ಗಾಳಿ ತಿಳಿಯಾಗಿತ್ತು. ಕೆಳಗೆ ಜೋಳದ ಕೊಯ್ಲು ಮುಗಿದ ಕರಿಯ ಹೊಲಗಳು. ದ್ಯಾಮವ್ವ ಕರೆಯುತ್ತಲೇ ಇದ್ದಳು, ಗೆರಿಯವ್ವ ಸದ್ದಿಲ್ಲದೆ ನನ್ನ ಪಕ್ಕದಲ್ಲಿ ಬರುತ್ತಲೇ ಇತ್ತು. ಹಿಂಡು ಎಡಕ್ಕೆ ಸಮನಾಗಿ ಬಂದಿತು. ದೂರದಲ್ಲಿ ಮಲಪ್ರಭಾ ಬೆಳ್ಳಗೆ ಕಂಡಿತು. ಅಲ್ಲಿಂದಾಚೆ ನಮಗೆ ದಾರಿಯಿಲ್ಲ. ಫಕೀರಪ್ಪ ಹಿಂದಕ್ಕೆ ಕತ್ತು ಹೊರಳಿಸಿ ಕೂಗಿದ.

"ಇನ್ನ ಕರೀಬ್ಯಾಡ!"

ದ್ಯಾಮವ್ವ ಸುಮ್ಮನಾದಳು. ಸುಮ್ಮನಿರಲು ಆಗದೆ ಸೆರಗನ್ನು ಹೆಲ್ಮೆಟ್ಟಿನೊಳಗೆ ತೂರಿ ಬಾಯಿಗೆ ತುರುಕಿಕೊಂಡಳು. ದನಿ ನಿಂತದ್ದೇ ಗೆರಿಯವ್ವ ಗಾಬರಿಯಾಯಿತು. ಹಿಂಡಿನ ಕಡೆ ಹೊರಟದ್ದು ತಿರುಗಿ ಬಂದಿತು. ಅವಳ ಸೀಟಿನ ಪಕ್ಕಕ್ಕೇ ಬಂದು, ಅವಳ ಮುಖವನ್ನೇ ನೋಡುತ್ತ, ಕೂಗಿತು. ಮತ್ತೆ ಕೂಗಿತು. ಅವಳು ಎರಡೂ ಕೈಯಿಂದ ನನ್ನ ಚೌಕಟ್ಟನ್ನು ಹಿಡಿದುಕೊಂಡಳು. ಒಂದು ಸಲ ಕರೆ, ತಾಯಿ, ಒಂದೇ ಸಲ, ಎಂದು ನನಗೇ ಅನ್ನಿಸಿತು. ಅವಳು ಕರೆಯಲಿಲ್ಲ.

ಆಗ ಹಿಂಡಿನಿಂದ ಯಾವುದೋ ಒಂದು ಹಕ್ಕಿ ಕೂಗಿತು. ಗೆರಿಯವ್ವ ಕತ್ತು ತಿರುಗಿಸಿತು. ಸಾಲಿನ ಕೊನೆಯಲ್ಲಿ ಒಂದು ಜಾಗ ತೆರವಾಯಿತು, ಅದು ಹೋಗಿ ಸೇರಿಕೊಂಡಿತು. ಯಾವ ಹಕ್ಕಿಯೂ ಚೆದುರಲಿಲ್ಲ. ಹಿಂಡು ಹೊಳೆಯ ಮೇಲೆ ಹೋದಾಗ ಗೆರಿಯವ್ವ ಯಾವುದು, ಉಳಿದವು ಯಾವುವು ಎಂದು ಗುರುತು ಹಿಡಿಯಲು ಆಗಲಿಲ್ಲ. ನಮ್ಮನ್ನು ಫಕೀರಪ್ಪ ಹಿಂದಕ್ಕೆ ತಿರುಗಿಸಿದ.

ನಾನು ಹಾರಿದ್ದು ಅದೇ ಕೊನೆ. ಆ ವರ್ಷವೇ ಡಾಕ್ಟರು ಫಕೀರಪ್ಪನ ಕಿವಿ ನೋಡಿ, ಇನ್ನು ಹಾರುವುದು ಬೇಡ ಎಂದರು. ಎಂಜಿನ್ನನ್ನು ಒಂದು ಕಾಲೇಜಿಗೆ ಪಾಠಕ್ಕೆ ಕೊಟ್ಟರು. ನಾನು ಮತ್ತೆ ಕೊಟ್ಟಿಗೆಯಲ್ಲಿ, ಜೋಳದ ಕಣಿಕೆಯ ಮೇವಿನ ಪಕ್ಕದಲ್ಲಿ ನಿಂತಿದ್ದೇನೆ. ಮುಂದಿನ ಸೀಟಿನಲ್ಲಿ ಕೋಳಿ ಮೊಟ್ಟೆಯಿಡುತ್ತದೆ. ದಾದಾಪೀರರ ಕುಣಿಕೆಗಳು ಮಾತ್ರ ಇನ್ನೂ ಗಟ್ಟಿಯಾಗಿವೆ, ನಾಲ್ಕಕ್ಕೂ ಹಗ್ಗವಿದೆ. ಸೆರಗಿನಲ್ಲಿದ್ದ ಗೆಜ್ಜೆಯನ್ನು ದ್ಯಾಮವ್ವ ಒಂದು ದಿನ ತಂದು ನನ್ನ ಮುಂದಿನ ಗಾಲಿಗೆ ಕಟ್ಟಿದಳು. ಎಂಜಿನ್ನಿಲ್ಲದವನು ಓಡಿಹೋಗುತ್ತಾನೆಯೇ? ಅವಳಿಗೆ ಯಾರಾದರೊಬ್ಬರಿಗೆ ಕಟ್ಟಬೇಕಿತ್ತು, ಕಟ್ಟಿದಳು.

ಆದರೆ ಪ್ರತಿ ಮಾರ್ಚಿನಲ್ಲಿ ಒಂದು ದಿನ, ಹಿಂಡು ಕೆರೆಯಿಂದ ಏಳುವ ಬೆಳಗು, ಅವಳು ಬಂದು ನನ್ನ ನಾಲ್ಕೂ ಹಗ್ಗ ಬಿಚ್ಚಿ ಅಂಗಳಕ್ಕೆ ನೂಕುತ್ತಾಳೆ. ಇದೇನು ಹುಚ್ಚು ಎಂದು ಫಕೀರಪ್ಪ ಕೇಳಿದಾಗ, "ಸೋಮವಾರ ಎತ್ತಿನ ಹೆಗಲ ಮ್ಯಾಲ ನೊಗಾ ಇಡತೀರೇನ? ಇದಕ್ಕೂ ಒಂದ ದಿನ ಬಿಡುವು ಇರ್ಲಿ," ಎಂದಳು. ಸಂಜೆ ಮತ್ತೆ ಕಟ್ಟುತ್ತಾಳೆ.

ಈ ವರ್ಷ ಆ ದಿನ ಹೆಬ್ಬಾತುಗಳು ತಲೆಯ ಮೇಲೆಯೇ ಹೋದವು. ದ್ಯಾಮವ್ವ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ಕೂಗು ಕೇಳಿ ರೊಟ್ಟಿಯ ಸದ್ದು ನಿಂತಿತು, ಆದರೆ ಅವಳು ಹೊರಗೆ ಬರಲಿಲ್ಲ, ಕರೆಯಲೂ ಇಲ್ಲ. ಹಿಂಡು ದಾಟಿದ ಮೇಲೆ ಒಂದು ಗಾಳಿ ಎದ್ದಿತು. ಹಳೆಯ ರೆಕ್ಕೆ ಉಬ್ಬಿ, ನನ್ನ ಮುಂದಿನ ಗಾಲಿ ನೆಲದಿಂದ ನಾಲ್ಕು ಬೆರಳು ಮೇಲೆದ್ದಿತು. ಗೆಜ್ಜೆ ಝಲ್ ಎಂದಿತು. ಹಿಟ್ಟಿನ ಕೈಯಲ್ಲೇ ಓಡಿಬಂದಳು. ಹಿಡಿದು ಕಟ್ಟುತ್ತಾಳೆ ಅಂದುಕೊಂಡೆ. ಕಟ್ಟಲಿಲ್ಲ. ಬಾಗಿಲಲ್ಲಿ ನಿಂತು ನನ್ನನ್ನು ನೋಡಿ, "ಎಲ್ಲಿಗೆ ಹೊಂಟಿಯಪಾ?" ಎಂದಳು.

ಹೋಗಲು ಎಂಜಿನ್ನಿಲ್ಲ, ಹೋಗುವ ಜಾಗವೂ ಗೊತ್ತಿಲ್ಲ. ಆದರೂ ಹುಟ್ಟಿದಾಗಿನಿಂದ ನನ್ನನ್ನು ಆ ಮಾತು ಕೇಳಿದವಳು ಅವಳೊಬ್ಬಳೇ.